ಗಾಳಿ ಇಲ್ಲದಿದ್ದರೆ ಆಲ್ಬಟ್ರಾಸ್ ಏಳೋದೇ ಇಲ್ಲ

ನ್ಯೂಜಿಲೆಂಡಿನ ಡುನೆಡಿನ್ ನಗರ, ಪಕ್ಕದ ಒಟಾಗೊ ಕರಾವಳಿ ಎರಡನ್ನೂ ಒಂದೇ ದಿನದ ಟೂರಿನಲ್ಲಿ ಆರಾಮಾಗಿ ನೋಡಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾವೂ ಅಂಥ ಟೂರಿಗೆ ಹೋಗಿ ಬಂದೆವು. ಆರಾಮಾಗಿ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು! 1906ರ ರೈಲ್ವೆ ಸ್ಟೇಷನ್‌ನ ನೆಲದ ಮೊಸಾಯಿಕ್‌ನಲ್ಲಿ ರೈಲು ಎಂಜಿನ್ ಚಿತ್ರ ಇದೆ, ನಾವು ಬಗ್ಗಿ ಅದನ್ನು ನೋಡುವಷ್ಟರಲ್ಲೇ ಗೈಡ್ ಬಸ್ ಹತ್ತಿ ಅಂದರು. ತುಂಬಾ ಕಡಿದಾದ ಏರು ರಸ್ತೆ ಬಾಲ್ಡ್‌ವಿನ್ ಸ್ಟ್ರೀಟ್ ಬಿಟ್ಟಿದ್ದರೂ ನಡೀತಿತ್ತು, ಸುಮ್ನೆ ಏದುಸಿರು.

ಕರಾವಳಿಯ ಭೂಶಿರ ಟಯಾರೋವಾ ಹೆಡ್‌ನಲ್ಲಿ ಗಾಳಿಯೇ ಇರಲಿಲ್ಲ. ರಾಯಲ್ ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿಗಳು ಹುಲ್ಲಿನ ಮೇಲೆ ಬಾತುಕೋಳಿ ಹಾಗೆ ಕೂತೇ ಇದ್ದವು. ಆಮೇಲೆ ಗಾಳಿ ಎದ್ದಿದ್ದೇ ತಡ, ಸುಮಾರು 3 ಮೀಟರ್ ಅಗಲದ ರೆಕ್ಕೆ ಬಿಚ್ಚಿಕೊಂಡು ಒಂದು ನಮ್ಮ ತಲೆ ಮೇಲೇ ಸುಯ್ ಅಂತ ಹೋಯ್ತು, ಯಾರೂ ಫೋಟೊ ತೆಗೆಯಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಅಂದಹಾಗೆ, ನೀಲಿ ಪೆಂಗ್ವಿನ್‌ಗಳು ದಡಕ್ಕೆ ಬರೋದು ಕತ್ತಲಾಗುವಾಗ. ಅವನ್ನೂ ನೋಡಬೇಕಿದ್ದರೆ ಟೂರ್ ಎಷ್ಟು ಗಂಟೆಗೆ ವಾಪಸ್ ಅಂತ ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.