ಟ್ಯೂನಾ ದೋಣಿಗಳ ಸಾಲ, ಮತ್ತೆ ಆಫ್ರಿಕಾಕ್ಕೆ ನೆರವು ಯಾಕೆ ಅನ್ನುವ ಪ್ರಶ್ನೆ

"ಆಫ್ರಿಕಾಕ್ಕೆ ಎಷ್ಟು ಕೊಟ್ಟರೂ ಅಷ್ಟೇ ಕಣ್ರೀ, ಅಲ್ಲಿನ ಮಂತ್ರಿಗಳೇ ನುಂಗಿ ಹಾಕ್ತಾರೆ." 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಂದೇ ಏಟಿಗೆ ನಿಲ್ಲಿಸಿದ ಮೇಲೆ ಈ ಮಾತು ಜಾಸ್ತಿ ಕಿವಿಗೆ ಬೀಳುತ್ತಿದೆ. ಹೇಳುವವರು ಕೆಟ್ಟವರೇನಲ್ಲ. ಓದಿದವರು, ತೆರಿಗೆ ಕಟ್ಟುವವರು, ನಮ್ಮಲ್ಲಿನ ಲಂಚ ಕಂಡು ಬೇಸತ್ತವರು. ನುಂಗುತ್ತಾರೆ ಅನ್ನುವುದೂ ಸುಳ್ಳಲ್ಲ. ಆದರೆ ನುಂಗಿದವರು ಯಾರು, ಜೊತೆಗೆ ಕೂತು ಬಡಿಸಿದವರು ಯಾರು, ಕೊನೆಗೆ ಬಿಲ್ ಕಟ್ಟಿದವರು ಯಾರು ಅಂತ ಒಂದೇ ಒಂದು ಪ್ರಕರಣವನ್ನಾದರೂ ಪೂರ್ತಿ ನೋಡಿದರೆ "ಹಾಗಾದರೆ ನೆರವು ನಿಲ್ಲಿಸಿ" ಅನ್ನುವುದು ಅಷ್ಟು ಸುಲಭ ಅನಿಸುವುದಿಲ್ಲ.

ನಾನು ಮೊಜಾಂಬಿಕ್ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. ಕಾರಣ, ಇದರಲ್ಲಿ ಎಲ್ಲವೂ ಕೋರ್ಟ್ ದಾಖಲೆಗೆ ಬಂದಿದೆ. ಗಾಳಿಸುದ್ದಿ ನಂಬುವ ಅಗತ್ಯ ಇಲ್ಲ.

ಮೊಜಾಂಬಿಕ್ 1992ರಲ್ಲಿ ದೊಡ್ಡ ಅಂತರ್ಯುದ್ಧ ಮುಗಿಸಿದ ದೇಶ. ಆಮೇಲೆ ಇಪ್ಪತ್ತು ವರ್ಷ ನೆರವು ಕೊಡುವ ದೇಶಗಳ ಕಣ್ಮಣಿ. ಒಂದು ಕಾಲದಲ್ಲಿ ಅದರ ಬಜೆಟ್‌ನ ಹೆಚ್ಚುಕಮ್ಮಿ ಅರ್ಧ ಹೊರಗಿನ ನೆರವಿನಿಂದಲೇ ಬರುತ್ತಿತ್ತು. ಆಮೇಲೆ ಉತ್ತರದ ಕಡಲಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ನಾಳೆ ದುಡ್ಡು ಬರುತ್ತದೆ ಅಂತ ಗೊತ್ತಾದ ಮನೆ ಬಾಗಿಲಿಗೆ ಸಾಲ ಕೊಡುವವರು ತಾವಾಗಿಯೇ ಬರುತ್ತಾರೆ, ಅಲ್ವಾ? ಇಲ್ಲೂ ಬಂದರು.

2013-14ರಲ್ಲಿ ಅಲ್ಲಿ ಮೂರು ಸರ್ಕಾರಿ ಕಂಪನಿಗಳು ಹುಟ್ಟಿಕೊಂಡವು. ಒಂದು ಟ್ಯೂನಾ ಮೀನು ಹಿಡಿಯಲು, ಒಂದು ಕರಾವಳಿ ಕಾವಲಿಗೆ, ಇನ್ನೊಂದು ಹಡಗು ರಿಪೇರಿಗೆ. ಮೂರಕ್ಕೂ ಸೇರಿ 200 ಕೋಟಿ ಡಾಲರ್ ಸಾಲ. ಕೊಟ್ಟವರು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವಿಸ್ ಮತ್ತು ರಷ್ಯಾದ ವಿಟಿಬಿ ಬ್ಯಾಂಕ್. ದೋಣಿ, ರಾಡಾರ್ ಎಲ್ಲ ಒದಗಿಸುವ ಗುತ್ತಿಗೆ ಪ್ರಿವಿನ್ವೆಸ್ಟ್ ಅನ್ನುವ ಹಡಗು ಕಂಪನಿಗಳ ಕೂಟಕ್ಕೆ. ಸಾಲಕ್ಕೆ ಸರ್ಕಾರದ ಗ್ಯಾರಂಟಿ ಸಹಿ ಹಾಕಿದವರು ಆಗಿನ ಹಣಕಾಸು ಮಂತ್ರಿ ಮ್ಯಾನುಯಲ್ ಚಾಂಗ್. ಇಷ್ಟು ದೊಡ್ಡ ಗ್ಯಾರಂಟಿಗೆ ಸಂಸತ್ತಿನ ಒಪ್ಪಿಗೆ ಬೇಕು. ಕೇಳಲೇ ಇಲ್ಲ. ಟ್ಯೂನಾ ಸಾಲ ಬಾಂಡ್ ರೂಪದಲ್ಲಿ ಇದ್ದುದರಿಂದ ಅದೊಂದು ಹೊರಗೆ ಗೊತ್ತಿತ್ತು. ಉಳಿದ 100 ಕೋಟಿ ಡಾಲರ್‌ಗೂ ಮೀರಿದ ಸಾಲ ಸಂಸತ್ತಿಗೆ ಗೊತ್ತಿಲ್ಲ, ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ಗೆ ಗೊತ್ತಿಲ್ಲ, ದೇಶದ ಜನಕ್ಕಂತೂ ಗೊತ್ತೇ ಇಲ್ಲ.

ದೋಣಿಗಳು ಬಂದವು. ಫ್ರಾನ್ಸಿನ ಶೆರ್ಬುರ್ಗ್‌ನಲ್ಲಿ ಕಟ್ಟಿದ ಚಂದದ ದೋಣಿಗಳು. ಬಂದು ರಾಜಧಾನಿ ಮಾಪುಟೊದ ಬಂದರಿನಲ್ಲಿ ಹೆಚ್ಚಿನ ಕಾಲ ಸುಮ್ನೆ ಕಟ್ಟಿಕೊಂಡು ನಿಂತವು. ಸಾಲ ತೀರಿಸುವಷ್ಟು ಮೀನು ಸಿಗುವ ಮಾತು ಹಾಗಿರಲಿ, ಅವನ್ನು ನಡೆಸುವ ಏರ್ಪಾಡೇ ಸರಿಯಾಗಿ ಇರಲಿಲ್ಲ. 2017ರಲ್ಲಿ ಕ್ರೋಲ್ ಸಂಸ್ಥೆ ಲೆಕ್ಕ ತಪಾಸಣೆ ಮಾಡಿದಾಗ ಎರಡು ವಿಷಯ ಹೊರಬಿತ್ತು. ಸಾಮಾನಿನ ಬೆಲೆಯನ್ನು 70 ಕೋಟಿ ಡಾಲರ್‌ಗೂ ಜಾಸ್ತಿ ಉಬ್ಬಿಸಲಾಗಿತ್ತು. 50 ಕೋಟಿ ಡಾಲರ್ ಎಲ್ಲಿ ಹೋಯಿತು ಅನ್ನುವುದಕ್ಕೆ ಲೆಕ್ಕವೇ ಇರಲಿಲ್ಲ.

ಗುಟ್ಟು ರಟ್ಟಾದದ್ದು 2016ರ ಏಪ್ರಿಲ್‌ನಲ್ಲಿ. ಐಎಂಎಫ್ ತನ್ನ ಸಾಲ ನಿಲ್ಲಿಸಿತು. ನೇರವಾಗಿ ಬಜೆಟ್‌ಗೆ ದುಡ್ಡು ಹಾಕುತ್ತಿದ್ದ 14 ದೇಶ ಮತ್ತು ಸಂಸ್ಥೆಗಳೂ ನಿಲ್ಲಿಸಿದವು. ಅವರ ಕಡೆಯಿಂದ ನೋಡಿದರೆ ಸಿಟ್ಟು ಸಹಜ, ಸುಳ್ಳು ಹೇಳಿಸಿಕೊಂಡವರು ಅವರು. ಆದರೆ ಮುಂದೆ ಏನಾಯಿತು ನೋಡಿ. ಅಲ್ಲಿನ ಕರೆನ್ಸಿ ಮೆಟಿಕಲ್ ಬಿದ್ದುಹೋಯಿತು. ಸಾಮಾನಿನ ಬೆಲೆ ಏರಿತು. 2017ರ ಜನವರಿಯಲ್ಲಿ ದೇಶ ಸಾಲದ ಕಂತು ತಪ್ಪಿಸಿತು. ಶಾಲೆಗೆ, ಆಸ್ಪತ್ರೆಗೆ ಕತ್ತರಿ ಬಿತ್ತು. ನಾರ್ವೆಯ ಒಂದು ಸಂಶೋಧನಾ ಸಂಸ್ಥೆ ಮತ್ತು ಮೊಜಾಂಬಿಕ್‌ನದೇ ಭ್ರಷ್ಟಾಚಾರ ವಿರೋಧಿ ಸಂಸ್ಥೆ ಸಿಐಪಿ ಸೇರಿ 2021ರಲ್ಲಿ ಲೆಕ್ಕ ಹಾಕಿದವು. ಈ ಹಗರಣದಿಂದ ದೇಶಕ್ಕಾದ ನಷ್ಟ ಕನಿಷ್ಠ 1,100 ಕೋಟಿ ಡಾಲರ್. ಸುಮಾರು ಒಂದು ವರ್ಷ ಇಡೀ ದೇಶ ದುಡಿದಷ್ಟು. ಹೆಚ್ಚುವರಿಯಾಗಿ 20 ಲಕ್ಷ ಜನ ಬಡತನಕ್ಕೆ ಬಿದ್ದರು.

200 ಕೋಟಿಯ ಸಾಲ, 1,100 ಕೋಟಿಯ ನಷ್ಟ. ನನಗೆ ಈ ಕಥೆಯಲ್ಲಿ ಜಾಸ್ತಿ ಚುಚ್ಚುವುದು ಇದೇ. ಕಳುವಾದದ್ದು ನೆರವಿನ ದುಡ್ಡೇ ಅಲ್ಲ. ಅದು ಬಡ್ಡಿಗೆ ತಂದ ವ್ಯಾಪಾರಿ ಸಾಲ, ಯೂರೋಪಿನ ಬ್ಯಾಂಕುಗಳು ಲಾಭಕ್ಕಾಗಿ ಕೊಟ್ಟದ್ದು. ಶಿಕ್ಷೆಯಾಗಿ ನಿಂತದ್ದು ಮಾತ್ರ ನೆರವು. ಮಂತ್ರಿ ಮನೆಯ ಅಡುಗೆಮನೆಯಲ್ಲಿ ಒಂದು ಒಲೆಯೂ ಆರಲಿಲ್ಲ.

ಸರಿ, ಕದ್ದವರಿಗೆ ಏನಾಯಿತು? ಚಾಂಗ್ ಅವರನ್ನು 2018ರ ಡಿಸೆಂಬರ್ ಕೊನೆಯಲ್ಲಿ ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಯಾವ ದೇಶಕ್ಕೆ ಒಪ್ಪಿಸಬೇಕು ಅನ್ನುವ ಜಗಳ ನಾಲ್ಕೂವರೆ ವರ್ಷ ನಡೆಯಿತು. ಕೊನೆಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್ ಕೋರ್ಟ್ 2024ರಲ್ಲಿ ತಪ್ಪಿತಸ್ಥ ಅಂದಿತು, 2025ರ ಜನವರಿಯಲ್ಲಿ ಎಂಟೂವರೆ ವರ್ಷ ಜೈಲು ಅಂದಿತು. ಅವರ ಪಾಲಿಗೆ ಬಂದ ಲಂಚ 70 ಲಕ್ಷ ಡಾಲರ್. ಮಾಪುಟೊದಲ್ಲೇ ಜೈಲಿನ ಆವರಣದಲ್ಲಿ ದೊಡ್ಡ ಟೆಂಟ್ ಹಾಕಿ ಇನ್ನೊಂದು ವಿಚಾರಣೆ ನಡೆಯಿತು. ಮಾಜಿ ಅಧ್ಯಕ್ಷ ಗೆಬುಜಾ ಅವರ ಮಗನಿಗೆ 2022ರಲ್ಲಿ 12 ವರ್ಷ ಶಿಕ್ಷೆ ಆಯಿತು. ಕ್ರೆಡಿಟ್ ಸ್ವಿಸ್‌ನ ಮೂವರು ಮಾಜಿ ಬ್ಯಾಂಕರ್‌ಗಳು ತಪ್ಪು ಒಪ್ಪಿಕೊಂಡರು. ಬ್ಯಾಂಕ್ 2021ರಲ್ಲಿ ಅಮೆರಿಕ ಮತ್ತು ಬ್ರಿಟನ್ ಅಧಿಕಾರಿಗಳಿಗೆ ಸುಮಾರು 47.5 ಕೋಟಿ ಡಾಲರ್ ಕಟ್ಟಿ ಕೇಸ್ ಮುಗಿಸಿಕೊಂಡಿತು. ಮೊಜಾಂಬಿಕ್‌ಗೆ 20 ಕೋಟಿ ಸಾಲ ಮಾಫಿ. ಲೂಟಿ ಆದ ಊರಿಗಿಂತ ಪೊಲೀಸ್ ಸ್ಟೇಷನ್‌ಗೆ ಜಾಸ್ತಿ ಪರಿಹಾರ ಸಿಕ್ಕ ಹಾಗಾಯ್ತು ಇದು. 2024ರಲ್ಲಿ ಲಂಡನ್ ಹೈಕೋರ್ಟ್, ಪ್ರಿವಿನ್ವೆಸ್ಟ್ ಕಡೆಯವರು ಮೊಜಾಂಬಿಕ್‌ಗೆ 80 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕು ಅಂತ ತೀರ್ಪು ಕೊಟ್ಟಿತು. ತೀರ್ಪು ಬರುವುದು ಬೇರೆ, ದುಡ್ಡು ಬರುವುದು ಬೇರೆ. ಅದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೂ ಒಂದು ಇದೆ. ಮೊಜಾಂಬಿಕ್‌ನ ಸಾವಿರಾರು ನಾಗರಿಕರು ಸಹಿ ಹಾಕಿ ಅಲ್ಲಿನ ಸಂವಿಧಾನ ಪರಿಷತ್ತಿಗೆ ಹೋದರು. 2019ರಲ್ಲಿ ಟ್ಯೂನಾ ಸಾಲ ಅಸಿಂಧು ಅಂತ ತೀರ್ಪು ಬಂತು. ಮರುವರ್ಷ ಉಳಿದೆರಡಕ್ಕೂ ಅದೇ ತೀರ್ಪು. "ಮುಚ್ಚಿಟ್ಟ ಸಾಲ ನಾನು ತೀರಿಸಲ್ಲ" ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಓಡಾಡಿದರು ಅಲ್ಲಿನ ಜನ. ಆದರೂ ಸರ್ಕಾರ ಅದೇ 2019ರಲ್ಲಿ ಟ್ಯೂನಾ ಸಾಲವನ್ನು ಹೊಸ ಬಾಂಡ್ ಆಗಿ ಬದಲಿಸಿತು. ಅವಧಿ 2031ರವರೆಗೆ. ತನ್ನದೇ ನ್ಯಾಯಪೀಠ ಅಸಿಂಧು ಅಂದ ಸಾಲಕ್ಕೆ!

ಅದೇ 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಬೈರಾ ನಗರವನ್ನು ಜಜ್ಜಿಹಾಕಿತು. ಆ ದೇಶವೊಂದರಲ್ಲೇ 600ಕ್ಕೂ ಹೆಚ್ಚು ಸಾವು. ಆಗ ಐಎಂಎಫ್ ತುರ್ತು ನೆರವು ಅಂತ ಸುಮಾರು 11.8 ಕೋಟಿ ಡಾಲರ್ ಕೊಟ್ಟಿತು. ಸಾಲದ ರೂಪದಲ್ಲೇ.

ಮೊಜಾಂಬಿಕ್ ನಮಗೆ ಅಷ್ಟೇನೂ ದೂರದ್ದಲ್ಲ. ನಮ್ಮ ಸಾರಿಗೆ ಬೀಳುವ ತೊಗರಿಬೇಳೆಯಲ್ಲಿ ಒಂದು ಪಾಲು ಅಲ್ಲಿಯದು. 2016ರ ಜುಲೈನಲ್ಲಿ, ಅಂದರೆ ಈ ಸಾಲದ ಗುಟ್ಟು ಬಯಲಾದ ಮೂರೇ ತಿಂಗಳಿಗೆ, ಭಾರತ ಅವರ ಜೊತೆ ತೊಗರಿ ಒಪ್ಪಂದ ಮಾಡಿಕೊಂಡಿತು. ಒಂದು ಲಕ್ಷ ಟನ್‌ನಿಂದ ಶುರು ಮಾಡಿ ಎರಡು ಲಕ್ಷ ಟನ್‌ಗೆ ಏರಿಸುವುದು ಅಂತ. ಕಲಬುರಗಿಯ ತೊಗರಿ ಬೆಳೆಗಾರರಿಗೆ ಆಫ್ರಿಕಾದ ತೊಗರಿ ಅಂದರೆ ಸಿಟ್ಟು, ರೇಟ್ ಬೀಳಿಸುತ್ತದೆ ಅಂತ. ಅದು ನ್ಯಾಯವಾದ ಸಿಟ್ಟೇ. ಆದರೆ 2017ರಲ್ಲಿ ಭಾರತ ತೊಗರಿ ಆಮದಿಗೆ ಮಿತಿ ಹಾಕಿದಾಗ ಆ ಕಡೆ ಉತ್ತರ ಮೊಜಾಂಬಿಕ್‌ನ ರೈತರಿಗೂ ಬೆಲೆ ನೆಲ ಕಚ್ಚಿತು. ಒಂದು ಕಡೆ ತಮ್ಮ ಮಂತ್ರಿ ಮಾಡಿದ ಸಾಲ, ಇನ್ನೊಂದು ಕಡೆ ದಿಲ್ಲಿಯ ಒಂದು ಆದೇಶ. ಎರಡರಲ್ಲೂ ಅವರ ಮಾತು ಯಾರೂ ಕೇಳಿರಲಿಲ್ಲ.

ಈಗ ಎದುರು ವಾದಕ್ಕೆ ಬರೋಣ. ನೆರವಿನ ದುಡ್ಡೂ ಕಳುವಾಗುತ್ತದೆ, ಖಂಡಿತ. ಜೈರ್‌ನ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಸರ್ವಾಧಿಕಾರಿ ಮೊಬುಟು ಕಾಡಿನ ನಡುವೆ ಗ್ಬಾಡೋಲಿಟೆಯಲ್ಲಿ ಅರಮನೆ ಕಟ್ಟಿಸಿ, ಕಾನ್ಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಮಾಡಿಸಿಕೊಂಡ. ಐಎಂಎಫ್ ತಾನೇ ಕಳಿಸಿದ್ದ ಜರ್ಮನಿಯ ಎರ್ವಿನ್ ಬ್ಲೂಮೆಂಥಾಲ್ ಅಲ್ಲಿನ ಕೇಂದ್ರ ಬ್ಯಾಂಕಿನಲ್ಲಿ ಕೂತು ಎಲ್ಲ ನೋಡಿ, ಈ ದೇಶಕ್ಕೆ ಕೊಟ್ಟ ಸಾಲ ವಾಪಸ್ ಬರುವ ದಾರಿಯೇ ಇಲ್ಲ ಅಂತ 1982ರಲ್ಲಿ ವರದಿ ಬರೆದರು. ಆಮೇಲೂ ದುಡ್ಡು ಹರಿಯಿತು. ಶೀತಲ ಸಮರದಲ್ಲಿ ಮೊಬುಟು ಅಮೆರಿಕದ ಕಡೆ ಇದ್ದನಲ್ಲ, ಅದಕ್ಕೆ. ಅದನ್ನು ನೆರವು ಅಂತ ಕರೆಯಬಾರದು, ಅದು ನಿಷ್ಠೆಗೆ ಕೊಟ್ಟ ಸಂಬಳ. "ನೆರವಿನಿಂದ ಏನೂ ಆಗಲಿಲ್ಲ" ಅನ್ನುವವರು ಈ ಸಂಬಳವನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಾರೆ.

ಮಲಾವಿಯಲ್ಲಿ 2013ರಲ್ಲಿ ಸರ್ಕಾರದ ಪೇಮೆಂಟ್ ಸಾಫ್ಟ್‌ವೇರ್ ತಿರುಚಿ ಆರು ತಿಂಗಳಲ್ಲಿ ಸುಮಾರು 3.2 ಕೋಟಿ ಡಾಲರ್ ಎತ್ತಿದರು. ನೌಕರರ ಕಾರಿನಲ್ಲಿ, ಮನೆಯಲ್ಲಿ ನೋಟಿನ ಕಟ್ಟು ಸಿಕ್ಕವು. ಅಲ್ಲೂ ಅದೇ ಕಥೆ, ಬಜೆಟ್ ನೆರವು ನಿಂತಿತು.

ನೆರವಿನ ಮೇಲೆ ಬದುಕುವ ಸರ್ಕಾರ ತನ್ನ ಜನಕ್ಕಿಂತ ನೆರವು ಕೊಡುವವರ ಮಾತು ಕೇಳುತ್ತದೆ ಅನ್ನುವ ವಾದ ಆಫ್ರಿಕಾದ ಅರ್ಥಶಾಸ್ತ್ರಜ್ಞರದ್ದೇ. ಅದರಲ್ಲಿ ಹುರುಳಿದೆ. ಖಾಲಿ ಚೆಕ್ಕಿನಂತೆ ಖಜಾನೆಗೆ ದುಡ್ಡು ಸುರಿಯುವ ನೆರವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಲ್ಲ ನೆರವೂ ಅಂಥದ್ದಲ್ಲ. ಎಚ್‌ಐವಿ ಔಷಧಿ ನೋಡಿ. 2000ದ ಸುಮಾರಿಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ ಖರ್ಚು. ಆಫ್ರಿಕಾದಲ್ಲಿ ಊರೂರೇ ಸ್ಮಶಾನ ಆಗುತ್ತಿದ್ದವು. 2001ರಲ್ಲಿ ಮುಂಬೈನ ಔಷಧಿ ಕಂಪನಿ ಸಿಪ್ಲಾ ಅದೇ ಔಷಧಿಯನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀನಿ ಅಂದಿತು. ಔಷಧಿ ಅಗ್ಗ ಆಯಿತು, ಆದರೆ ಆ ಒಂದು ಡಾಲರ್ ಕೂಡ ಅಲ್ಲಿನ ರೋಗಿಯ ಕೈಲಿ ಇರಲಿಲ್ಲ. ಅದನ್ನು ತುಂಬಿದ್ದು ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್ ಮತ್ತು 2003ರಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬುಷ್ ಶುರು ಮಾಡಿದ ಪೆಪ್‌ಫಾರ್ ಅನ್ನುವ ಏಡ್ಸ್ ನೆರವಿನ ಯೋಜನೆ. ಪೆಪ್‌ಫಾರ್ ಒಂದೇ ಎರಡೂವರೆ ಕೋಟಿ ಜೀವ ಉಳಿಸಿದೆ ಅನ್ನುತ್ತದೆ ಅಮೆರಿಕ ಸರ್ಕಾರದ್ದೇ ಲೆಕ್ಕ. ಬುಷ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇರುವುದು ಈ ಒಂದೇ ವಿಷಯದಲ್ಲಿ. ಮೊಜಾಂಬಿಕ್‌ನಲ್ಲಿ ಎಂಟು ವಯಸ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಇದೆ. ಟ್ಯೂನಾ ಹಗರಣ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಸರ್ಕಾರದ ಕೆಳಗೆ, ಈ ಮಾತ್ರೆಗಳು ಲಕ್ಷಾಂತರ ಜನರನ್ನು ತಲುಪುತ್ತಲೇ ಇದ್ದವು. ಮಾತ್ರೆ ಬರದಿದ್ದರೆ ರೋಗಿಗೆ ಅದೇ ತಿಂಗಳು ಗೊತ್ತಾಗುತ್ತದೆ. ಕಡಲ ಕಾವಲಿನ ರಾಡಾರ್ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ ಹೇಳಿ?

ತನಗೆ ಬರಬೇಕಾದದ್ದು ಗೊತ್ತಿದ್ದವನಿಂದ ಕದಿಯುವುದು ಕಷ್ಟ ಅನ್ನುವ ಇದೇ ನಿಯಮ ಉಗಾಂಡಾದಲ್ಲೂ ಕಂಡಿತು. 1991ರಿಂದ 95ರವರೆಗೆ ಶಾಲೆಗಳ ಖರ್ಚಿಗೆ ಸರ್ಕಾರ ಬಿಡುಗಡೆ ಮಾಡಿದ ಅನುದಾನದಲ್ಲಿ ಶಾಲೆ ತಲುಪಿದ್ದು ಸರಾಸರಿ ಬರೀ 13 ಪರ್ಸೆಂಟ್. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆವು ಅಂತ ಸರ್ಕಾರವೇ ಪತ್ರಿಕೆಯಲ್ಲಿ ಹಾಕಿಸತೊಡಗಿತು. 2001ರ ಹೊತ್ತಿಗೆ 80 ಪರ್ಸೆಂಟ್‌ಗೂ ಜಾಸ್ತಿ ತಲುಪುತ್ತಿತ್ತು. ಪೂರ್ತಿ ಶ್ರೇಯಸ್ಸು ಪತ್ರಿಕೆಗೇ ಅಲ್ಲ, ಬೇರೆ ಸುಧಾರಣೆಗಳೂ ಜೊತೆಗೇ ನಡೆದಿದ್ದವು ಅಂತ ಆಮೇಲೆ ಕೆಲವರು ತಕರಾರು ತೆಗೆದರು. ಇರಬಹುದು. ಆದರೂ ಹೆಡ್‌ಮಾಸ್ತರಿಗೆ ತನ್ನ ಶಾಲೆ ಪಾಲಿನ ಮೊತ್ತ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಅಜಗಜಾಂತರ ಇದೆ.

ನಮ್ಮಲ್ಲೂ ಒಬ್ಬ ಪ್ರಧಾನಿಯೇ 1985ರಲ್ಲಿ ರೂಪಾಯಿ ಕಳಿಸಿದರೆ ಹದಿನೈದು ಪೈಸೆ ತಲುಪುತ್ತದೆ ಅಂದಿದ್ದರು. ಹಾಗಂತ ರೇಷನ್ ಅಂಗಡಿ ಮುಚ್ಚಿ ಅಂತ ನಾವ್ಯಾರೂ ಹೇಳಲಿಲ್ಲ. ಅಂದಹಾಗೆ, ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಭ್ರಷ್ಟಾಚಾರದ ಪಟ್ಟಿಯಲ್ಲಿ ಸೇಶೆಲ್ಸ್, ಕೇಪ್ ವರ್ಡೆ, ಬೋಟ್ಸ್ವಾನಾ, ರುವಾಂಡಾ ನಮಗಿಂತ ಶುದ್ಧ. "ಆಫ್ರಿಕಾದವರೆಲ್ಲ ಹೀಗೇ" ಅನ್ನುವ ಮೊದಲು ಆ ಪಟ್ಟಿಯನ್ನೊಮ್ಮೆ ನೋಡಿ.

ಇನ್ನು ದುಡ್ಡು ಯಾವ ಕಡೆ ಹರಿಯುತ್ತಿದೆ ಅನ್ನುವುದು. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗ ಅಂಕ್ಟಾಡ್ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಆಫ್ರಿಕಾದಿಂದ ಕಳ್ಳದಾರಿಯಲ್ಲಿ ವರ್ಷಕ್ಕೆ 8,860 ಕೋಟಿ ಡಾಲರ್ ಹೊರಗೆ ಹೋಗುತ್ತದೆ. ಒಳಗೆ ಬರುವ ನೆರವು ಸುಮಾರು 4,800 ಕೋಟಿ. ಕದ್ದ ದುಡ್ಡು ಮಣ್ಣಲ್ಲಿ ಹೂತಿಡುವುದಿಲ್ಲ ಯಾರೂ. ಅದಕ್ಕೆ ಲಂಡನ್ನಿನ ಮನೆ ಬೇಕು, ದುಬೈ ಫ್ಲ್ಯಾಟ್ ಬೇಕು, ಜ್ಯೂರಿಕ್‌ನ ಖಾತೆ ಬೇಕು, ಕಾಗದ ಪತ್ರ ಮಾಡಿಕೊಡುವ ವಕೀಲರು ಬೇಕು. ವಾಪಸ್ ತರುವುದೂ ಸಾಧ್ಯ. ನೈಜೀರಿಯಾದ ಸರ್ವಾಧಿಕಾರಿ ಅಬಾಚಾ ದೋಚಿದ್ದರಲ್ಲಿ ಸುಮಾರು 32 ಕೋಟಿ ಡಾಲರ್ ಅನ್ನು ಸ್ವಿಟ್ಜರ್ಲೆಂಡ್ 2017ರ ಒಪ್ಪಂದದಂತೆ ಹಿಂದಿರುಗಿಸಿತು. ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ಅದನ್ನು ಬಡ ಕುಟುಂಬಗಳಿಗೆ ನೇರವಾಗಿ ಹಂಚಲು ಇಟ್ಟರು. ಅಬಾಚಾ ಸತ್ತದ್ದು 1998ರಲ್ಲಿ. ಇಪ್ಪತ್ತು ವರ್ಷ ಬೇಕಾಯ್ತು ನೋಡಿ.

ಕೊನೆಗೆ ಜಾಂಬಿಯಾ. ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವ ಪ್ರಕರಣ ಇದು. ನಾನು ಹೊಗಳಿದ ಅದೇ ಔಷಧಿಗಳು ಅಲ್ಲಿ ಕಳುವಾದವು. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಯಭಾರಿ, ತಾವು ಪುಕ್ಕಟೆ ಕೊಟ್ಟ ಔಷಧಿಗಳು ಖಾಸಗಿ ಮೆಡಿಕಲ್ ಶಾಪ್‌ಗಳಲ್ಲಿ ಮಾರಾಟ ಆಗುತ್ತಿವೆ ಅಂದರು. ದೇಶದ ಉದ್ದಗಲಕ್ಕೂ 2,000ಕ್ಕೂ ಹೆಚ್ಚು ಅಂಗಡಿ ತಪಾಸಣೆ ಮಾಡಿಸಿದ ಮೇಲೆ ಹೇಳಿದ ಮಾತು ಅದು. ಎಷ್ಟು ಸಲ ಎಚ್ಚರಿಸಿದರೂ ಸರ್ಕಾರ ಕ್ರಮ ಕೈಗೊಳ್ಳಲಿಲ್ಲ, ಆದ್ದರಿಂದ ವರ್ಷಕ್ಕೆ 5 ಕೋಟಿ ಡಾಲರ್ ಔಷಧಿ ನೆರವು ಕಡಿತ ಅಂತ ಘೋಷಿಸಿದರು. ಕಳ್ಳತನ ಹಿಡಿದದ್ದು ಸರಿ. ಬಹಿರಂಗವಾಗಿ ಹೇಳಿದ್ದು ಇನ್ನೂ ಸರಿ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗದೆ ಅದೇ ಮಾತ್ರೆಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಹೆಂಗಸಿಗೆ ಈಗ ಎರಡೂ ಕಡೆ ಸಿಗದೇ ಹೋಗಬಹುದು. ಗೋದಾಮಿನಿಂದ ಪೆಟ್ಟಿಗೆ ಸಾಗಿಸಿದ ಅಧಿಕಾರಿಗೆ ಈ ಕಡಿತದಿಂದ ಏನು ನಷ್ಟ? ಅವನ ವೀಸಾ ರದ್ದು ಮಾಡಿ, ಹೊರಗಿನ ಖಾತೆ ಮುಟ್ಟುಗೋಲು ಹಾಕಿ, ಯಾವ ಆಸ್ಪತ್ರೆಗೆ ಎಷ್ಟು ಪೆಟ್ಟಿಗೆ ಕಳಿಸಿದೆವು ಅಂತ ಆಸ್ಪತ್ರೆಯ ಗೋಡೆ ಮೇಲೆ ಬರೆಸಿ. ದುಡ್ಡು ಕೊಡುವವರ ಕೈಲಿ ಇಷ್ಟೆಲ್ಲ ಅಸ್ತ್ರ ಇದ್ದೂ ಮೊದಲು ಕೈಗೆತ್ತಿಕೊಳ್ಳುವುದು ಕತ್ತರಿಯನ್ನೇ ಯಾಕೆ ಅನ್ನುವುದು ನನ್ನ ತಕರಾರು.

ಆ ಕಡೆ ದೇಶಗಳಲ್ಲಿ ಕೆಲಸ ಮಾಡಿದ ಕನ್ನಡಿಗರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದೀರಿ. ಔಷಧಿ ಕಂಪನಿಯಲ್ಲೋ, ಸರ್ಕಾರಿ ಸಪ್ಲೈ ಗುತ್ತಿಗೆಯಲ್ಲೋ ಇದ್ದವರಾದರೆ ಇನ್ನೂ ಒಳ್ಳೆಯದು. ಪೆಟ್ಟಿಗೆ ದಾರಿ ತಪ್ಪುವುದು ಎಲ್ಲಿ, ಬಂದರಿನಲ್ಲೋ, ಗೋದಾಮಿನಲ್ಲೋ, ಜಿಲ್ಲಾ ಆಫೀಸಿನಲ್ಲೋ? ಕಂಡದ್ದನ್ನು ಬರೆಯಿರಿ. ನನ್ನ ಮಾತು ತಪ್ಪು ಅನಿಸಿದರೂ ಬರೆಯಿರಿ, ಜಗಳ ಆಡೋಣ.