ಮಿಲಾನ್‌ಗೆ ಅರ್ಧ ದಿನ ಸಾಲದು

ಯುರೋಪ್ ಟೂರ್ ಮುಗಿಸಿ ಬಂದ ನೆಂಟರನ್ನು ಇಟಲಿಯ ಮಿಲಾನ್ ಹೇಗಿತ್ತು ಅಂತ ಕೇಳಿದರೆ ಬರುವುದು ಎರಡೇ ಮಾತು. ದೊಡ್ಡ ಚರ್ಚ್ ಇದೆ. ಅಂಗಡಿಗಳೆಲ್ಲ ಸಿಕ್ಕಾಪಟ್ಟೆ ದುಬಾರಿ. ಅವರ ತಪ್ಪಲ್ಲ, ಟೂರ್‌ನವರು ಅಲ್ಲಿಗೆ ಕೊಡುವುದೇ ಅರ್ಧ ದಿನ. ಈ ಮೇ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಮಿಲಾನ್‌ಗೆ ಅಂತಲೇ ನಾಲ್ಕು ದಿನ ಇಟ್ಟುಕೊಂಡು ಹೋದೆವು. ರೋಮ್, ವೆನಿಸ್ ಎರಡನ್ನೂ ಬಿಟ್ಟೆವು. ಒಂಚೂರೂ ಬೇಜಾರಿಲ್ಲ.

ಆ ದೊಡ್ಡ ಚರ್ಚ್ ಹೆಸರು ಡುವೋಮೊ. ಕೆಲಸ ಶುರುವಾಗಿದ್ದು 1386ರಲ್ಲಿ, ಕೊನೆಯ ಬಾಗಿಲು ಕೂರಿಸಿದ್ದು 1965ರಲ್ಲಿ! ಎದುರು ನಿಂತು ಫೋಟೊ ತೆಗೆದುಕೊಂಡು ಹೊರಟುಬಿಡಬೇಡಿ, ಮೇಲಕ್ಕೆ ಹತ್ತಿ. ಚಾವಣಿ ಮೇಲೆಯೇ ಓಡಾಡಬಹುದು. ಕೆಳಗೆ ನಿಂತವರ ಕಣ್ಣಿಗೆ ಬೀಳದ ಮೂಲೆಗಳಲ್ಲೂ ಎಲೆ, ಹೂವು, ಪುಟ್ಟ ಪುಟ್ಟ ಮುಖಗಳು. ಕಾಂದೋಲ್ಯಾ ಅನ್ನೋ ಊರಿನ ಗಣಿಯಿಂದ ಈ ಗುಲಾಬಿ ಛಾಯೆಯ ಅಮೃತಶಿಲೆ ಸರೋವರ, ನದಿ, ಕಾಲುವೆ ದಾಟಿ ದೋಣಿಯಲ್ಲಿ ಬರುತ್ತಿತ್ತಂತೆ. ಇವತ್ತಿಗೂ ಕಲ್ಲು ಸವೆದರೆ ಅದೇ ಗಣಿಯಿಂದ ತಂದು ಕೂರಿಸುತ್ತಾರೆ.

ನನ್ನ ಮನಸ್ಸು ಪೂರ್ತಿ ಸೋತಿದ್ದು ಮಾತ್ರ ಲಿಯೊನಾರ್ಡೊ ಡ ವಿಂಚಿಯ 'ಲಾಸ್ಟ್ ಸಪ್ಪರ್' ಮುಂದೆ, ಅಂದರೆ ಏಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟದ ಚಿತ್ರದ ಮುಂದೆ. ಅದು ಚೌಕಟ್ಟು ಹಾಕಿ ನೇತುಹಾಕಿದ ಚಿತ್ರ ಅಲ್ಲ. ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಸನ್ಯಾಸಿಗಳು ಊಟಕ್ಕೆ ಕೂರುತ್ತಿದ್ದ ಕೋಣೆಯ ಗೋಡೆ. ಹಸಿ ಗಾರೆ ಮೇಲೆ ಬರೆದರೆ ಅದು ಒಣಗುವಷ್ಟರಲ್ಲಿ ಮುಗಿಸಬೇಕು. ಲಿಯೊನಾರ್ಡೊಗೆ ಆ ಅವಸರ ಬೇಡವಾಗಿತ್ತು, ಒಣಗೋಡೆ ಮೇಲೆಯೇ ಬರೆದರು. ಅವರು ಬದುಕಿದ್ದಾಗಲೇ ಬಣ್ಣ ಉದುರತೊಡಗಿತು. 1652ರಲ್ಲಿ ಅದೇ ಗೋಡೆಗೆ ಬಾಗಿಲು ಇಡಲು ಹೋಗಿ ಏಸುವಿನ ಪಾದಗಳನ್ನೇ ಒಡೆದರು. 1943ರ ಆಗಸ್ಟ್‌ನಲ್ಲಿ ಬಾಂಬ್ ಬಿತ್ತು. ಕೋಣೆಯ ಮಾಡು ಕುಸಿಯಿತು. ಮೊದಲೇ ಮರಳಿನ ಚೀಲ ಒಟ್ಟಿದ್ದರಿಂದ ಈ ಗೋಡೆ ಉಳಿಯಿತು. ಆಮೇಲೆ ಪಿನಿನ್ ಬ್ರಂಬಿಲ್ಲಾ ಅನ್ನೋ ಹೆಣ್ಣುಮಗಳು 1978ರಿಂದ 1999ರವರೆಗೆ ಅಂಗುಲ ಅಂಗುಲವಾಗಿ ಕೂತು ಸರಿಮಾಡಿದರು.

ಒಳಗೆ ಬಿಡುವುದು 15 ನಿಮಿಷ. ನಾನು ಮುಖಗಳನ್ನು ನೋಡಿದ್ದಕ್ಕಿಂತ ಜಾಸ್ತಿ ಆ ಮೇಜಿನ ಬಟ್ಟೆ ನೋಡಿದೆ. ಮಡಚಿಟ್ಟಿದ್ದನ್ನು ಈಗಷ್ಟೇ ಬಿಡಿಸಿ ಹಾಸಿದ ಹಾಗೆ ಮಡಿಕೆಯ ಗೆರೆ ಕಾಣುತ್ತದೆ. ಅಂಚಿನಲ್ಲಿ ನೀಲಿ ಕಸೂತಿ. ಹಬ್ಬಕ್ಕೆ ಅಂತ ಪೆಟ್ಟಿಗೆಯಿಂದ ತೆಗೆದ ಬಟ್ಟೆ ಹಾಗೇ ಅಲ್ವಾ ಇರೋದು? ಕಣ್ಣು ತುಂಬಿ ಬಂತು. ಟಿಕೆಟ್ ಮಾತ್ರ ವಾರಗಟ್ಟಲೆ ಮುಂಚೆಯೇ ಖಾಲಿಯಾಗುತ್ತದೆ. ಮೊದಲು ಅದನ್ನು ಬುಕ್ ಮಾಡಿ, ಆಮೇಲೆ ವಿಮಾನ.

ಹೋಟೆಲ್ ಬಗ್ಗೆ ತುಂಬಾ ಜನ ಕೇಳಿದ್ದೀರಿ. ನಾವು ಉಳಿದಿದ್ದು ಮೆಟ್ರೊ ಹತ್ತಿರದ ಸಾಧಾರಣ ಹೋಟೆಲ್. ಬಾಡಿಗೆ ಜೊತೆ ಊರಿನ ತೆರಿಗೆ ಬೇರೆ ಇರುತ್ತದೆ, ನೆನಪಿರಲಿ. ಆದರೆ ಗ್ರ್ಯಾಂಡ್ ಹೋಟೆಲ್ ಎ ದ ಮಿಲಾನ್ ಅನ್ನು ಹೊರಗಿನಿಂದಾದರೂ ನೋಡಿ. ಆಪೆರಾ ಸಂಗೀತದ ಜುಸೆಪ್ಪೆ ವೆರ್ದಿ 1901ರ ಜನವರಿಯಲ್ಲಿ ತೀರಿಕೊಂಡಿದ್ದು ಅಲ್ಲೇ. ಅವರು ಹಾಸಿಗೆ ಹಿಡಿದಿದ್ದಾಗ ಕುದುರೆಗಾಡಿಗಳ ಸದ್ದು ಕೇಳಿಸದಿರಲಿ ಅಂತ ಊರಿನವರು ಬೀದಿಗೆ ಹುಲ್ಲು ಹಾಸಿದ್ದರು. ಕೈಯಲ್ಲಿ ಕಾಸಿಲ್ಲದ ವಯಸ್ಸಾದ ಸಂಗೀತಗಾರರಿಗೆ ವೆರ್ದಿ ಕಟ್ಟಿಸಿದ ಮನೆಯೂ ಇದೇ ಊರಿನಲ್ಲಿದೆ. ಇವತ್ತಿಗೂ ಅಲ್ಲಿ ಹಿರಿಯ ಕಲಾವಿದರು ಇದ್ದಾರೆ. ವೆರ್ದಿ ಮತ್ತು ಅವರ ಹೆಂಡತಿ ಇಬ್ಬರ ಸಮಾಧಿಯೂ ಅಲ್ಲೇ.

ಶಾಪಿಂಗ್ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಡುವೋಮೊ ಪಕ್ಕದಲ್ಲೇ, 1877ರಲ್ಲಿ ಮುಗಿದ ಗಾಜಿನ ಮಾಡಿನ ಅಂಗಡಿ ಸಾಲು ವಿಟ್ಟೋರಿಯೊ ಎಮಾನುವೆಲೆ ಗ್ಯಾಲರಿಯಲ್ಲಿ ಸುಮ್ನೆ ನಡೆದಾಡಿದರೂ ಖುಷಿಯೇ.

ಊಟ ಹೇಳಲೇಬೇಕು. ಟ್ಯೂರಿನ್ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ನೀರು ನಿಂತ ಭತ್ತದ ಗದ್ದೆಗಳು! ಮಂಡ್ಯದವಳಾದ ನನಗೆ ಎದ್ದು ನಿಂತು ನೋಡದೆ ಇರಲು ಆಗಲಿಲ್ಲ. ಈ ಕಡೆಯ ಅಕ್ಕಿಯಲ್ಲೇ ಮಿಲಾನ್‌ನವರು ಕೇಸರಿ ಹಾಕಿ ರಿಸೊಟ್ಟೊ ಅನ್ನೋ ಅನ್ನದ ಅಡುಗೆ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ದನದ ಮೂಳೆಯ ಮಜ್ಜೆ, ಮಾಂಸದ ಸಾರು ಹಾಕುತ್ತಾರೆ. ಸಸ್ಯಾಹಾರಿಗಳು "ಬ್ರೋದೊ ವೆಜೆತಾಲೆ?" ಅಂತ ಕೇಳಿಕೊಳ್ಳಿ, ಅಂದರೆ ತರಕಾರಿ ಸಾರಾ ಅಂತ. ಒಂದು ಚಿಕ್ಕ ಹೋಟೆಲಿನಲ್ಲಿ ನಮಗೆ ಬೇರೆಯಾಗಿಯೇ ಮಾಡಿಕೊಟ್ಟರು. ಒಂದು ಸೌಟು ಸಾರು ಹಾಕುವುದು, ಇಂಗುವ ತನಕ ತಿರುವುವುದು, ಮತ್ತೆ ಒಂದು ಸೌಟು. ಪೊಂಗಲ್‌ನಷ್ಟು ಮೆತ್ತಗಿದ್ದರೂ ಅಗುಳು ಮಾತ್ರ ನಡುವೆ ಗಟ್ಟಿ.

ಮನೆಯಲ್ಲಿ ಎರಡು ಸಲ ಮಾಡಿದೆ. ಸೋನಾ ಮಸೂರಿಯಲ್ಲಿ ಆ ಹದ ಬರುವುದಿಲ್ಲ. ಅಲ್ಲಿಂದ ತಂದ ಕಾರ್ನರೋಲಿ ಅಕ್ಕಿ ಇನ್ನೊಂದು ಪಾವು ಉಳಿದಿದೆ. ಅಮ್ಮ ಊರಿಂದ ಬಂದಾಗ ಮಾಡೋಣ ಅಂತ ಇಟ್ಟಿದ್ದೇನೆ.