ಬಿಪಿ ಮಾತ್ರೆ ನಿಲ್ಲಿಸಿ ಎನ್ನುವ ಸಂದೇಶದ ಬಗ್ಗೆ ಸ್ಪಷ್ಟನೆ

"ಬಿಪಿ 120/80ಕ್ಕೆ ಬಂದ ಮೇಲೆ ಮಾತ್ರೆ ಬೇಡ, ಮುಂದುವರಿಸಿದರೆ ಕಿಡ್ನಿ ಹಾಳಾಗುತ್ತದೆ, ಬೆಳ್ಳುಳ್ಳಿ ನೀರು ಸಾಕು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಬಿಪಿ ಇಳಿದಿರುವುದೇ ಮಾತ್ರೆಯಿಂದ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ನಂಥವು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ನುಂಗುವಷ್ಟು ದಿನ ಹತೋಟಿಯಲ್ಲಿಡುತ್ತವೆ. ಬಿಟ್ಟರೆ ಬಹುತೇಕರಿಗೆ ಕೆಲವೇ ದಿನ ಅಥವಾ ವಾರಗಳಲ್ಲಿ ಮತ್ತೆ ಏರುತ್ತದೆ, ಅದೂ ಹೆಚ್ಚಿನವರಿಗೆ ಗೊತ್ತೇ ಆಗದಂತೆ. ತಲೆನೋವು, ತಲೆಸುತ್ತು ಇಲ್ಲ ಅಂದಮಾತ್ರಕ್ಕೆ ಬಿಪಿ ಸರಿಯಿದೆ ಅಂತಲ್ಲ. ಕಿಡ್ನಿ ಕೆಡಿಸುವ ಮುಖ್ಯ ಕಾರಣಗಳಲ್ಲಿ ಹತೋಟಿ ತಪ್ಪಿದ ಬಿಪಿಯೂ ಒಂದು. ಅಟೆನೊಲಾಲ್, ಕ್ಲೊನಿಡಿನ್ ಮಾತ್ರೆಗಳನ್ನು ದಿಢೀರ್ ನಿಲ್ಲಿಸುವುದಂತೂ ಅಪಾಯಕಾರಿ.

ಅಡ್ಡಪರಿಣಾಮ ಇಲ್ಲವೆಂದಲ್ಲ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಸಂಜೆಯಾಗುತ್ತಿದ್ದಂತೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ, ಎನಾಲಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಸುಮ್ಮನೆ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಬರೆದುಕೊಡುತ್ತಾರೆ. ಉಪ್ಪು, ತೂಕ ಇಳಿಸಿದವರಲ್ಲಿ ಕೆಲವರಿಗೆ ಡೋಸ್ ಕಡಿಮೆಯಾಗುವುದೂ ಉಂಟು, ಆದರೆ ಅದನ್ನು ಬಿಪಿ ನೋಡಿ ಡಾಕ್ಟರೇ ನಿರ್ಧರಿಸಬೇಕು. ದುಡ್ಡಿನ ತೊಂದರೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಬಿಪಿ ಮಾತ್ರೆ ಉಚಿತ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಮನೆಯ ಹಿರಿಯರಿಗೆ ಕಳಿಸಿದ್ದರೆ ಇವತ್ತೇ ಫೋನ್ ಮಾಡಿ, ಮಾತ್ರೆ ನಿಲ್ಲಿಸಿದ್ದಾರಾ ಕೇಳಿ.